ಅಡಿಕೆಯ ಹೆಸರಿನ ದ್ವೀಪದಲ್ಲಿ: ಪೆನಾಂಗ್‌ನ ಜಾರ್ಜ್ ಟೌನ್

ಮಲೇಷ್ಯಾದ ಪೆನಾಂಗ್ ದ್ವೀಪವನ್ನು ಮಲಯ ಭಾಷೆಯಲ್ಲಿ ‘ಪುಲಾವ್ ಪಿನಾಂಗ್’ ಎನ್ನುತ್ತಾರೆ. ಪಿನಾಂಗ್ ಎಂದರೆ ಅಡಿಕೆ. ಆ ರಾಜ್ಯದ ಬಾವುಟದ ನಡುವೆ ಇರುವುದೂ ಅಡಿಕೆ ಮರವೇ. ಮಲೆನಾಡಿನ ತೋಟದ ಮನೆಯಿಂದ ಹೊರಟ ನನಗೆ ಆ ಊರಿನ ಮೇಲೆ ಮಮತೆ ಹುಟ್ಟಿದ್ದು ಈ ಹೆಸರಿನಿಂದಲೇ.

ವಿಮಾನ ನೇರವಾಗಿ ದ್ವೀಪಕ್ಕೇ ಇಳಿಯುತ್ತದೆ. ಆದರೂ ಬಂದರಿನ ಊರನ್ನು ಮೊದಲ ಸಲ ನೀರಿನ ಕಡೆಯಿಂದ ನೋಡುವುದೇ ಚೆಂದ. ಕೌಲಾಲಂಪುರದಿಂದ ದ್ವೀಪದ ಎದುರು ದಡದ ಬಟರ್‌ವರ್ತ್‌ಗೆ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ; ನಿಲ್ದಾಣದಿಂದ ನಡೆದೇ ಫೆರಿ ಹತ್ತಬಹುದು. ಮಲೇಷ್ಯಾ ತಲುಪುವ ಮುಂಚಿನ ಮೂರು ದಿನಗಳೊಳಗೆ ಡಿಜಿಟಲ್ ಆಗಮನ ಪತ್ರವನ್ನು ತುಂಬಲು ಮರೆಯಬೇಡಿ.

1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಲೈಟ್ ಇಲ್ಲಿ ಸುಂಕವಿಲ್ಲದ ಬಂದರನ್ನು ತೆರೆದದ್ದರಿಂದ ಫೂಜಿಯಾನ್‌ನ ಚೀನೀಯರು, ತಮಿಳು ಕರಾವಳಿಯ ಮುಸ್ಲಿಂ ವರ್ತಕರು, ಅರ್ಮೇನಿಯನ್ನರು, ಸುಮಾತ್ರ ದ್ವೀಪದ ಅಚೇ ಪ್ರಾಂತ್ಯದವರು ಬಂದು ನೆಲೆಸಿದರು. ಅವರ ಬಾಳ್ವೆಯ ಗುರುತನ್ನು ಕಾಣಲು ಜಲಾನ್ ಮಸ್ಜಿದ್ ಕಪಿತಾನ್ ಕೆಲಿಂಗ್ ಎಂಬ ಒಂದೇ ಬೀದಿ ಸಾಕು. ಬೆಳಿಗ್ಗೆ ಏಳರ ಹೊತ್ತಿಗೆ, ಬಿಸಿಲೇರುವ ಮುನ್ನ, 1818ರ ಸೇಂಟ್ ಜಾರ್ಜ್ ಚರ್ಚಿನಿಂದ ನಡೆಯಲು ಆರಂಭಿಸಿ. ಸ್ವಲ್ಪ ಮುಂದೆ ಚೀನೀಯರ ಕರುಣೆಯ ದೇವತೆ ಕ್ವಾನ್ ಯಿನ್‌ಳ ದೇವಾಲಯ. ಅದರ ಹೊರಗೆ ಚೀನೀ ಅಜ್ಜಿಯೊಬ್ಬರು ತಮಿಳು ಹೂವಾಡಗಿತ್ತಿಯಿಂದ ಮಾಲೆ ಕೊಂಡು, ಊದುಬತ್ತಿಯ ಕಟ್ಟನ್ನು ಎರಡೂ ಕೈಗಳಲ್ಲಿ ಹಣೆಯ ಮಟ್ಟಕ್ಕೆ ಎತ್ತಿ ಹಿಡಿದು ಹೊಗೆಯೊಳಗೆ ನಡೆದು ಹೋದುದು ಇನ್ನೂ ನನ್ನ ಕಣ್ಣ ಮುಂದಿದೆ. 1833ರ ಮಹಾಮಾರಿಯಮ್ಮನ ಗುಡಿಯ ಬೆನ್ನು ಮಾತ್ರ ಈ ಬೀದಿಗಿದೆ. ಬಾಗಿಲಿಗೆ ಪಕ್ಕದ ಕ್ವೀನ್ ಬೀದಿಗೆ ಬಳಸಿ ಹೋಗಬೇಕು. ಕೊನೆಗೆ, 1801ರಲ್ಲಿ ಭಾರತೀಯ ಮುಸ್ಲಿಮರ ಮುಖಂಡ ಕಾದಿರ್ ಮೊಹಿದೀನ್ ಸ್ಥಾಪಿಸಿದ ಮಸೀದಿ. ನಮಾಜಿನ ಹೊತ್ತನ್ನು ಬಿಟ್ಟು, ಮೈ ಮುಚ್ಚುವ ಉಡುಪಿನಲ್ಲಿ ಹೋಗಿ. ಊರಿನ ಹೆಸರಾಂತ ಗೋಡೆಚಿತ್ರಗಳ ಮುಂದೆ ಫೋಟೊಗಾಗಿ ನಿಲ್ಲುವ ಸರದಿಗೆ ಈ ಬೆಳಗನ್ನು ಕಳೆದುಕೊಳ್ಳಬೇಡಿ.

ಊಟದಲ್ಲಿ ಸಸ್ಯಾಹಾರಿಗಳಿಗೆ ಎಚ್ಚರ ಬೇಕು. ಬರೀ ಸೊಪ್ಪಿನ ಪಲ್ಯವೆಂದು ನಾನು ತರಿಸಿಕೊಂಡದ್ದರಲ್ಲಿ ‘ಬೆಲಾಚಾನ್’ ಎಂಬ ಸಿಗಡಿಯ ಹಿಂಡಿ ಬೆರೆತಿತ್ತು. ಅಸಾಮ್ ಲಕ್ಸಾ ಎಂಬ ಹುಳಿ ನೂಡಲ್ಸ್‌ನ ಸಾರಿಗೆ ಮೀನೇ ಆಧಾರ. ಲಿಟಲ್ ಇಂಡಿಯಾದ ಬಾಳೆಎಲೆ ಊಟ, ಚೀನೀ ಸಸ್ಯಾಹಾರಿ ಅಂಗಡಿಗಳು ನಿಶ್ಚಿಂತೆಯ ದಾರಿ. ಮಾಂಸ ತಿನ್ನುವವರು ನಾಸಿ ಕಂದಾರನ್ನು ತಪ್ಪಿಸಬಾರದು. ತಮಿಳು ಮುಸ್ಲಿಮರು ಅನ್ನ, ಸಾರುಗಳ ಪಾತ್ರೆಗಳನ್ನು ಹೆಗಲ ಮೇಲಿನ ಅಡ್ಡೆಯಲ್ಲಿ ಹೊತ್ತು ಮಾರುತ್ತಿದ್ದುದರಿಂದ ಬಂದ ಹೆಸರು ಅದು.

ಸಂಜೆಗೆ ಚ್ಯೂ ಜೆಟ್ಟಿಯನ್ನು ಇಟ್ಟುಕೊಳ್ಳಿ. ಸಮುದ್ರದಲ್ಲಿ ನೆಟ್ಟ ಕಂಬಗಳ ಮೇಲಿನ ಹಲಗೆಯ ಹಾದಿಗೆ ಎರಡೂ ಬದಿಯಲ್ಲಿ ಚ್ಯೂ ಮನೆತನದವರು ಇಂದಿಗೂ ವಾಸವಾಗಿದ್ದಾರೆ. ತೆರೆದ ಬಾಗಿಲುಗಳ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ. ಸಾಧ್ಯವಾದರೆ ಚೀನೀ ಹೊಸವರ್ಷದ ಎಂಟನೆಯ ರಾತ್ರಿಗೆ ಪ್ರಯಾಣವನ್ನು ಹೊಂದಿಸಿಕೊಳ್ಳಿ. ಶತ್ರುಗಳಿಂದ ತಮ್ಮ ಪೂರ್ವಜರನ್ನು ಕಾಪಾಡಿದ್ದು ಕಬ್ಬಿನ ಗದ್ದೆ ಎಂದು ನಂಬುವ ಈ ಜನ ಅಂದು ದೇವಲೋಕದ ಒಡೆಯನಾದ ಜೇಡ್ ಚಕ್ರವರ್ತಿಗೆ ಕಬ್ಬಿನ ಜಲ್ಲೆಗಳನ್ನಿಟ್ಟು ನಡುರಾತ್ರಿ ಪೂಜಿಸುತ್ತಾರೆ. ಆ ದಿನಗಳಿಗೆ ಕೋಣೆಯನ್ನು ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು.