ಸ್ಟಾರ್ಟಪ್‌ಗೆ ದುಡ್ಡು ಕೊಟ್ಟೆವು, ಡ್ರೈವರ್ ದುಡಿಮೆ ಮರೆತಿದ್ದೆವು

ಎಲೆಕ್ಟ್ರಿಕ್ ಆಟೋದ ಟ್ರಯಲ್ ಮಡಿಕೇರಿಯಲ್ಲೇ ಮಾಡೋಣ ಅಂತ ಹಠ ಹಿಡಿದವಳು ನಾನು. ಊರು ನನ್ನದು ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ ರಸ್ತೆ. ಬೆಂಗಳೂರಿನ ಸಪಾಟು ರಸ್ತೆಯಲ್ಲಿ ಓಡಿದ ಗಾಡಿ ಇಲ್ಲಿನ ಏರು, ತಿರುವು, ಮಂಜಿನಲ್ಲಿ ಹೇಗೆ ಓಡುತ್ತದೆ ಅಂತ ಯಾರೂ ನೋಡಿರಲಿಲ್ಲ. ಕೊಡಗಿಗೆ ರೈಲಿಲ್ಲ. ಬಸ್ ಇಳಿದವರಿಗೆ ಆಟೋನೇ ಗತಿ, ಇಲ್ಲ ಅಂದ್ರೆ ನಡೆಯಬೇಕು. ಇಲ್ಲಿ ಗೆದ್ದ ಎಲೆಕ್ಟ್ರಿಕ್ ಆಟೋ ಬೇರೆ ಗುಡ್ಡದ ಊರಿನಲ್ಲೂ ನಿಲ್ಲುತ್ತದೆ ಅಂತ ನನ್ನ ನಂಬಿಕೆ. ಈಗಲೂ ಅದೇ ನಂಬಿಕೆ.

ನಾನು ಕೆಲಸ ಮಾಡುವ ಸಂಸ್ಥೆ ಸ್ಟಾರ್ಟಪ್‌ಗಳಿಗೆ ನೆರವು ಕೊಡುತ್ತದೆ. ನಮ್ಮ ತಂಡ ನೋಡಿಕೊಳ್ಳುವುದು ಪೇಟೆಯೊಳಗಿನ ಓಡಾಟ. ಹೊಗೆ ಕಡಿಮೆ ಮಾಡುವ ಗಾಡಿ, ಬ್ಯಾಟರಿ, ಚಾರ್ಜಿಂಗ್, ಇಂಥವು. ಅರ್ಜಿ ಓದುತ್ತೇವೆ, ಅನುದಾನ ಕೊಡುತ್ತೇವೆ, ಪರೀಕ್ಷೆಗೆ ಒಂದು ಊರು ಹುಡುಕಿ ಕೊಡುತ್ತೇವೆ. ದುಡ್ಡಿನ ದಾರಿಗಳು ಈಗ ಮೊದಲಿಗಿಂತ ಜಾಸ್ತಿ ಇವೆ. ಎಲೆಕ್ಟ್ರಿಕ್ ವಾಹನಕ್ಕೆ ಅಂತಲೇ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, 2017ರಲ್ಲಿ. ರಾಜ್ಯದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ ಅನುದಾನ ಸಿಗುತ್ತದೆ. ಕೇಂದ್ರದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ 2021ರಲ್ಲಿ ಶುರುವಾಯಿತು. ಮಾದರಿ ಮಾಡಿ ಪರೀಕ್ಷಿಸಲು ಅದರಲ್ಲಿ 20 ಲಕ್ಷದವರೆಗೆ ಅನುದಾನ ಇಟ್ಟಿದ್ದರು. ಇಷ್ಟೆಲ್ಲ ಇದ್ದರೂ ಒಳ್ಳೆಯ ಗಾಡಿಗಳು ಶೆಡ್ಡಿನಲ್ಲೇ ಉಳಿಯುವುದನ್ನು ನಾನು ನೋಡಿದ್ದೇನೆ. ಯಾಕೆ ಅಂತ ನನಗೆ ಗೊತ್ತಾಗಿದ್ದು ಆ ಜೂನ್‌ನಲ್ಲಿ.

ಮೂವರು ಹುಡುಗರ ಕಂಪನಿ ಅದು. ಎಲೆಕ್ಟ್ರಿಕ್ ಆಟೋವನ್ನು ದಿನದ ಬಾಡಿಗೆಗೆ ಡ್ರೈವರ್‌ಗಳಿಗೆ ಕೊಡುವುದು, ಇನ್ನೆಷ್ಟು ಕಿಲೋಮೀಟರ್ ಓಡುತ್ತದೆ ಅಂತ ಫೋನಿನಲ್ಲಿ ತೋರಿಸುವುದು ಅವರ ಯೋಜನೆ. ನಾವು ನಾಲ್ಕು ಗಾಡಿಗೆ ದುಡ್ಡು ಕೊಟ್ಟೆವು. ನಾಲ್ಕು ಜನ ಡ್ರೈವರ್‌ಗಳನ್ನು ಒಪ್ಪಿಸಿದ್ದು ನಾನೇ. ಸ್ಟ್ಯಾಂಡಿನಲ್ಲಿ ನಿಂತು ಮಾತಾಡಿದೆ. ಒಬ್ಬರು ತುಳುವಿನಲ್ಲಿ ಕೇಳಿದರು, ಒಬ್ಬರು ಮಲಯಾಳಂನಲ್ಲಿ, ಇನ್ನೊಬ್ಬರು ಅರೆಭಾಷೆಯಲ್ಲಿ. ಕೇಳಿದ್ದು ಮಾತ್ರ ಒಂದೇ: "ಗುಡ್ಡ ಹತ್ತುತ್ತಾ?" ಹತ್ತುತ್ತದೆ ಅಂದೆ. ಸುಳ್ಳೇನಲ್ಲ, ಹತ್ತುತ್ತಿತ್ತು. ಎಷ್ಟು ಸಲ ಹತ್ತುತ್ತದೆ ಅನ್ನೋ ಲೆಕ್ಕ ನಾನು ಹಾಕಿರಲಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಒಂದು ಟನ್ ತೂಕವನ್ನು 100 ಮೀಟರ್ ಮೇಲೆ ಎತ್ತಲು ಕಾಲು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಕರೆಂಟ್ ಬೇಕು, ಅದೂ ಮೋಟರ್ ಏನೂ ಪೋಲು ಮಾಡದಿದ್ದರೆ. ಜನ ತುಂಬಿದ ಆಟೋ ಮುಕ್ಕಾಲು ಟನ್ ಹತ್ತಿರ ಇರುತ್ತದೆ. ದಿನಕ್ಕೆ ಹತ್ತು ಹನ್ನೆರಡು ಸಲ ಏರು ಹತ್ತಿದರೆ ಸಂಜೆ ಹೊತ್ತಿಗೆ ಏನು ಉಳಿಯುತ್ತದೆ? ಬೆಂಗಳೂರಿನಲ್ಲಿ 90 ಕಿಲೋಮೀಟರ್ ಓಡಿದ ಗಾಡಿ ಇಲ್ಲಿ 60 ದಾಟುವುದೇ ಕಷ್ಟ ಆಯಿತು. ಅದರ ಮೇಲೆ ಮಳೆ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಸುರಿಯುವ ಊರು ಇದು. ಲೈನಿನ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳೋಕಾಗಲ್ಲ.

ಒಂದು ಶುಕ್ರವಾರ, ಸಂತೆ ದಿನ, ನಾಲ್ವರಲ್ಲಿ ಹಿರಿಯ ಡ್ರೈವರ್ ಗಾಡಿ ಮೇಕೇರಿ ಕಡೆಯ ಏರಿನಲ್ಲಿ ನಿಧಾನ ಆಯಿತು. ಚಾರ್ಜ್ ಇಳಿದಾಗ ಗಾಡಿ ತಾನೇ ವೇಗ ಕಡಿಮೆ ಮಾಡುತ್ತದೆ. ಹಿಂದೆ ಇಬ್ಬರು ಹೆಂಗಸರು, ಸಂತೆ ಚೀಲ, ಜೋರು ಮಳೆ. ಅವರನ್ನು ಬೇರೆ ಆಟೋಗೆ ಹತ್ತಿಸಿ, ಆ ಬಾಡಿಗೆಯನ್ನೂ ತಾವೇ ಕೊಟ್ಟು ಕಳಿಸಿದರಂತೆ.

ಸಂಜೆ ಅವರನ್ನು ಕಾಣಲು ಹೋದೆ. ಅಂಗಿ ಜೇಬಿನಿಂದ ಒಂದು ಚಿಕ್ಕ ಪುಸ್ತಕ ತೆಗೆದರು. ಹಾಲಿನ ಪ್ಯಾಕೆಟ್ ಕವರನ್ನು ತೊಳೆದು ಒಣಗಿಸಿ ಅದರೊಳಗೆ ಇಟ್ಟಿದ್ದರು. ದಿನಕ್ಕೆ ಒಂದು ಸಾಲು. ಸಿಕ್ಕ ಬಾಡಿಗೆ ಎಷ್ಟು, ಚಾರ್ಜ್‌ಗೆ ಕಾದದ್ದು ಎಷ್ಟು ಹೊತ್ತು, ಆ ಹೊತ್ತಿನಲ್ಲಿ ಬಿಟ್ಟ ಬಾಡಿಗೆ ಎಷ್ಟು. ಕೆಲವು ಕಡೆ ನೀರು ತಾಗಿ ಶಾಯಿ ಹರಡಿತ್ತು. ಆ ಮೂರನೇ ಲೆಕ್ಕವನ್ನು ನಾವು ಯಾರೂ ಅವರಿಗೆ ಬರೆಯಲು ಹೇಳಿರಲಿಲ್ಲ.

"ಮೇಡಂ, ಹುಡುಗರು ಒಳ್ಳೆಯವರು. ಗಾಡೀನೂ ಒಳ್ಳೇದೇ. ನಿಮಗೆ ಇದು ಟ್ರಯಲ್. ನಮಗೆ ಇದು ಜೂನ್ ತಿಂಗಳು. ಮಕ್ಕಳ ಫೀಸು ಕಟ್ಟೋ ತಿಂಗಳು" ಅಂದರು. ಅಷ್ಟೇ ಅಂದಿದ್ದು. ದನಿ ಕೂಡ ಏರಿಸಲಿಲ್ಲ.

ರಾತ್ರಿ ಮನೆಯಲ್ಲಿ ನಮ್ಮ ಬಜೆಟ್ ತೆಗೆದು ನೋಡಿದೆ. ಬ್ಯಾಟರಿ ಇತ್ತು, ಇನ್ಶೂರೆನ್ಸ್ ಇತ್ತು, ಎಂಜಿನಿಯರ್ ಸಂಬಳ ಇತ್ತು, ಉದ್ಘಾಟನೆಯ ಬ್ಯಾನರ್ ಕೂಡ ಇತ್ತು. ಹೊಸ ಗಾಡಿ ಕೈಕೊಟ್ಟ ದಿನ ಡ್ರೈವರ್ ಕಳೆದುಕೊಳ್ಳುವ ದುಡ್ಡಿಗೆ ಒಂದು ಸಾಲೂ ಇರಲಿಲ್ಲ. ಹೊಸದನ್ನು ಪರೀಕ್ಷಿಸುವಾಗ ನಷ್ಟ ಆಗೇ ಆಗುತ್ತದೆ. ಅದನ್ನು ಹೊರಲಿ ಅಂತಲೇ ನಮ್ಮಂಥ ಸಂಸ್ಥೆ ಇರೋದು ಅಲ್ವಾ? ನಾವು ಅದನ್ನು ನಮಗೇ ಗೊತ್ತಿಲ್ಲದೆ ಎಲ್ಲರಿಗಿಂತ ಕಡಿಮೆ ದುಡ್ಡಿರುವವರ ಹೆಗಲಿಗೆ ಹಾಕಿದ್ದೆವು. ತುಂಬಾ ನಾಚಿಕೆ ಆಯಿತು.

ಬಜೆಟ್ ತಿದ್ದಿಸಲು ಮೂರು ವಾರ ಹಿಡಿಯಿತು. ಗಾಡಿ ನಿಂತ ದಿನ ಡ್ರೈವರ್‌ಗೆ ಸರಾಸರಿ ದುಡಿಮೆ ಕೊಡುವುದು ಅಂತ ಒಪ್ಪಂದ ಬರೆದೆವು. ಹಿಂದಿನ ಬಾಕಿಗೆ ಆ ಪುಸ್ತಕವೇ ದಾಖಲೆ.

ಆಮೇಲೆ ಆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಡ್ರೈವರ್‌ಗಳು ತೊಂದರೆಗಳನ್ನು ಹೇಳಲು ಶುರು ಮಾಡಿದರು. ಅಲ್ಲಿವರೆಗೆ ಫೋನ್ ಮಾಡಿ ಕೇಳಿದರೆ "ಪರವಾಗಿಲ್ಲ" ಅನ್ನುತ್ತಿದ್ದರು. ಗಾಡಿ ವಾಪಸ್ ತಗೊಂಡರೆ ಏನು ಗತಿ ಅನ್ನೋ ಹೆದರಿಕೆ. ಈಗ ಅದೇ ಹಿರಿಯರು, "ಬೆಳಗ್ಗೆ ಮೊದಲ ಇಳಿಜಾರಿನಲ್ಲಿ ಗಾಡಿ ಹಿಡಿತ ಸಾಲದು, ಮಧ್ಯಾಹ್ನದ ಮೇಲೆ ಸರಿ ಇರುತ್ತೆ" ಅಂದರು. ಹುಡುಗರು ಬ್ರೇಕ್ ಬಿಚ್ಚಿ ನೋಡಿದರು, ಏನೂ ಇಲ್ಲ. ಎರಡು ದಿನ ಡೇಟಾ ಜಾಲಾಡಿದ ಮೇಲೆ ಕಾರಣ ಸಿಕ್ಕಿತು. ಇಳಿಯುವಾಗ ಮೋಟರ್ ಗಾಡಿಯನ್ನು ತಡೆದು ಆ ಶಕ್ತಿಯನ್ನು ಬ್ಯಾಟರಿಗೆ ವಾಪಸ್ ತುಂಬುತ್ತದೆ. ಅವರ ಮನೆ ಇರುವುದು ಗುಡ್ಡದ ಮೇಲೆ. ರಾತ್ರಿಯೆಲ್ಲ ಚಾರ್ಜ್ ಆಗಿ ಬೆಳಗ್ಗೆ ಬ್ಯಾಟರಿ ಪೂರ್ತಿ ತುಂಬಿರುತ್ತಿತ್ತು. ತುಂಬಿದ ಕೊಡಕ್ಕೆ ನೀರು ಹಿಡಿಸುತ್ತದಾ? ಮೋಟರ್ ತಡೆಯುವುದನ್ನೇ ಬಿಡುತ್ತಿತ್ತು, ಎಲ್ಲ ಭಾರ ಕಾಲಿನ ಬ್ರೇಕ್ ಮೇಲೆ. ಮಂಜಿನಲ್ಲಿ, ಒದ್ದೆ ರಸ್ತೆಯಲ್ಲಿ ಅದು ಎಷ್ಟು ಅಪಾಯ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಮೇಲಿನ ಮನೆಯವರಿಗೆ ಚಾರ್ಜ್ ಶೇಕಡಾ 90ಕ್ಕೆ ನಿಲ್ಲುವಂತೆ ಹುಡುಗರು ಬದಲಾಯಿಸಿದರು. ಇಳಿಯುತ್ತಾ ಉಳಿದದ್ದರಲ್ಲಿ ಒಂದಿಷ್ಟು ತಾನೇ ತುಂಬಿಕೊಳ್ಳುತ್ತದೆ. ಕಿಲೋಮೀಟರ್ ತೋರಿಸುವ ಲೆಕ್ಕಕ್ಕೂ ಏರು ಇಳಿತ ಸೇರಿಸಿದರು. ಇದು ಯಾವ ಬೆಂಗಳೂರು ಲ್ಯಾಬಿನಲ್ಲೂ ಸಿಗುತ್ತಿರಲಿಲ್ಲ.

ಇನ್ನು ಸ್ಟ್ಯಾಂಡಿನ ಜಾಗದ ವಿಷಯ. 2018ರಲ್ಲೇ ಕೇಂದ್ರ ಸರ್ಕಾರ ಬ್ಯಾಟರಿ ವಾಹನಗಳಿಗೆ ಪರ್ಮಿಟ್ ವಿನಾಯಿತಿ ಕೊಟ್ಟಿತ್ತು. ಕಾಗದ ಕೈಯಲ್ಲಿದ್ದ ಮಾತ್ರಕ್ಕೆ ಸಾಲಿನಲ್ಲಿ ಜಾಗ ಸಿಗಲ್ಲ. ಅದಕ್ಕೆ ಉಳಿದ ಡ್ರೈವರ್‌ಗಳ ಜೊತೆ ಕೂತು ಮಾತಾಡಬೇಕು, ಚಹಾ ಕುಡಿಯಬೇಕು, ಅವರ ಹೆದರಿಕೆ ಕೇಳಬೇಕು. ಇಪ್ಪತ್ತೈದು ವರ್ಷದ ಹುಡುಗರಿಗೆ ಇದನ್ನು ಒಬ್ಬರೇ ಮಾಡಿಕೊಳ್ಳಿ ಅನ್ನೋದು ತಪ್ಪು. ಹೋಗಬೇಕಾದವರು ನಾವು.

ಈಗ ಯಾವ ಅರ್ಜಿ ಬಂದರೂ ನಾನು ಮೊದಲು ನೋಡುವುದು ಬಜೆಟ್ಟಿನ ಆ ಸಾಲು. ಇಲ್ಲದಿದ್ದರೆ ನಾನೇ ಫೋನ್ ಮಾಡಿ ಸೇರಿಸಿ ಅನ್ನುತ್ತೇನೆ. ಟ್ರಯಲ್ ಮಳೆಗಾಲ ದಾಟಲೇಬೇಕು ಅಂತಲೂ ಹೇಳುತ್ತೇನೆ. ಮೂರು ತಿಂಗಳ ಬಿಸಿಲಿನ ವರದಿ ನನಗೆ ಸಾಲುವುದಿಲ್ಲ.

ಮುಂದಿನ ತಿಂಗಳು ವಿರಾಜಪೇಟೆಯಲ್ಲಿ ಡ್ರೈವರ್‌ಗಳ ಜೊತೆ ಮಾತುಕತೆ ಇದೆ. ಈ ಸಲ ನಾನು ಒಬ್ಬಳೇ ಹೋಗುತ್ತಿಲ್ಲ. ನಮ್ಮ ಹಿರಿಯ ಡ್ರೈವರ್ ಬರುತ್ತೇನೆ ಅಂದಿದ್ದಾರೆ. ಆ ದಿನದ ಅವರ ದುಡಿಮೆಯನ್ನು ಬಜೆಟ್ಟಿಗೆ ಸೇರಿಸಿಯಾಗಿದೆ.