ಬಸುರಿಗೆ ಮೊದಲು ಗೊತ್ತಾದರೆ ಅವಳೇ ತಂದವಳಾ?

ನಮ್ಮ ಕೊಪ್ಪಳದ ಕಡೆ ಒಂದು ಮನೆಗೆ ಎಚ್‌ಐವಿ ಬಂತು ಅಂದರೆ ಮೊದಲು ಬೈಸಿಕೊಳ್ಳುವವಳು ಸೊಸೆ. "ನಮ್ಮ ಮಗ ಹಂಗಲ್ರೀ, ಈಕಿನ ತವರಿಂದ ತಂದಾಳ" ಅನ್ನುವ ಮಾತು ನಾನೇ ಕಿವಿಯಾರೆ ಕೇಳಿದ್ದೇನೆ. ಸಿಟ್ಟು ಬರುತ್ತದೆ, ಯಾಕಂದರೆ ಇದರಲ್ಲಿ ಲೆಕ್ಕವೇ ತಪ್ಪು.

ಬಸುರಿ ಅಂತ ಗೊತ್ತಾದ ಮೇಲೆ ತಾಯಿ ಕಾರ್ಡ್ ಮಾಡಿಸುತ್ತಾರೆ. ಹಿಮೋಗ್ಲೋಬಿನ್ ನೋಡಲು ರಕ್ತ ತೆಗೆಯುವಾಗ ಎಚ್‌ಐವಿ ಟೆಸ್ಟೂ ಆಗುತ್ತದೆ. ಗಂಡಸರಿಗೆ ಹಾಗೆ ತಾನಾಗಿ ಟೆಸ್ಟ್ ಆಗುವ ಸಂದರ್ಭ ಎಲ್ಲಿದೆ ಹೇಳಿ? ಗುಳೆ ಹೋಗಿ ಬಂದರೂ ಇಲ್ಲ, ಊರಲ್ಲೇ ಇದ್ದರೂ ಇಲ್ಲ. (ಗುಳೆ ಹೋದವರೇ ತರುತ್ತಾರೆ ಅಂತ ನಾನು ಹೇಳುತ್ತಿಲ್ಲ, ಅದೂ ಇನ್ನೊಂದು ಸುಮ್ನೆ ಹೊರಿಸುವ ಮಾತು.) ಈ ವೈರಸ್ ಒಳಗೆ ಹೊಕ್ಕ ಮೇಲೆ ಎಷ್ಟೋ ವರ್ಷ ಯಾವ ಲಕ್ಷಣವನ್ನೂ ತೋರಿಸದೆ ಇರಬಹುದು. ರಿಪೋರ್ಟು ವೈರಸ್ ಇದೆ ಅಂತ ಹೇಳುತ್ತದೆ, ಯಾರಿಂದ ಬಂತು, ಯಾವಾಗ ಬಂತು ಅಂತ ಹೇಳುವುದಿಲ್ಲ. ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಇಲ್ಲದ ಗಂಡ ಹೆಂಡತಿಯೂ ಇದ್ದಾರೆ. ಸೋಂಕು ತಗುಲಿದ ಹೊಸದರಲ್ಲಿ ಟೆಸ್ಟ್ ಮಾಡಿಸಿದರೆ ಇಲ್ಲ ಅಂತ ಬರಬಹುದು, ಅದಕ್ಕೇ ಮೂರು ತಿಂಗಳ ಮೇಲೆ ಇನ್ನೊಮ್ಮೆ ಮಾಡಿಸಲು ಹೇಳುತ್ತಾರೆ.

ನಾನು ನೋಡಿದ ಒಂದು ಮನೆಯಲ್ಲಿ ಬಾಣಂತಿಯ ಸ್ಟೀಲ್ ಲೋಟಕ್ಕೆ ಕೆಂಪು ದಾರ ಕಟ್ಟಿದ್ದರು, ಗುರುತಿಗೆ. ಗಂಡ ಮಾತ್ರ ಎಲ್ಲರ ಜೊತೆ ಕೂತು ರೊಟ್ಟಿ ಉಣ್ಣುತ್ತಿದ್ದ, ಅವನ ಟೆಸ್ಟೇ ಆಗಿರಲಿಲ್ಲ! ಲೋಟ, ತಟ್ಟೆ, ಬಚ್ಚಲು, ಬೆವರು, ಕೆಮ್ಮು, ಸೊಳ್ಳೆ, ಇದ್ಯಾವುದರಿಂದಲೂ ಎಚ್‌ಐವಿ ಹರಡುವುದಿಲ್ಲ. ಹರಡುವುದು ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕದಿಂದ, ಸೋಂಕಿರುವ ರಕ್ತದಿಂದ, ಒಬ್ಬರಿಗೆ ಚುಚ್ಚಿದ ಸೂಜಿಯನ್ನೇ ಇನ್ನೊಬ್ಬರಿಗೆ ಚುಚ್ಚುವುದರಿಂದ. ಆಮೇಲೆ ತಾಯಿಯಿಂದ ಮಗುವಿಗೆ, ಹೊಟ್ಟೆಯಲ್ಲಿದ್ದಾಗ, ಹೆರಿಗೆಯಲ್ಲಿ ಅಥವಾ ಎದೆಹಾಲಿನಿಂದ.

ಮಗುವಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಏನೂ ಔಷಧಿ ಇಲ್ಲದಿದ್ದರೆ ಮಗುವಿಗೆ ತಗಲುವ ಸಾಧ್ಯತೆ ಶೇ. 15ರಿಂದ 45. ತಾಯಿ ಎಆರ್‌ಟಿ ಮಾತ್ರೆ (ಎಚ್‌ಐವಿ ವೈರಸ್ಸನ್ನು ಹತ್ತಿಕ್ಕುವ ಮಾತ್ರೆ) ಬಿಡದೆ ತಗೊಂಡು, ಹುಟ್ಟಿದ ಮಗುವಿಗೂ ಔಷಧಿ ಕೊಟ್ಟರೆ ಅದು ಶೇ. 5ಕ್ಕಿಂತ ಕೆಳಗೆ ಇಳಿಯುತ್ತದೆ. ಅಂದರೆ ಬಸುರಿದ್ದಾಗಲೇ ಗೊತ್ತಾಗಿದ್ದು ಆ ಮಗುವಿನ ಪುಣ್ಯ. ಅದಕ್ಕೆ ಸೊಸೆಯನ್ನು ತವರಿಗೆ ಅಟ್ಟಿದರೆ ಮಾತ್ರೆ ತಪ್ಪುತ್ತದೆ, ಚೆಕಪ್ ತಪ್ಪುತ್ತದೆ, ಕೊನೆಗೆ ಪೆಟ್ಟು ಬೀಳುವುದು ಯಾರಿಗೆ? ಅತ್ತೆಯ ಮೊಮ್ಮಗುವಿಗೇ ಅಲ್ವಾ?

ಎಚ್‌ಐವಿ ಅಂದರೆ ಏಡ್ಸ್ ಅಂತಲ್ಲ. ರೋಗದ ಜೊತೆ ಹೋರಾಡುವ ಸಿಡಿ4 ಕಣಗಳನ್ನು ವೈರಸ್ ತಿನ್ನುತ್ತಾ ಹೋಗಿ, ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಅವು 200ಕ್ಕಿಂತ ಕೆಳಗೆ ಬಂದಾಗ ಅದು ಏಡ್ಸ್ ಹಂತ. ಮಾತ್ರೆ ಸರಿಯಾಗಿ ನುಂಗುವವರು ಆ ಹಂತ ಮುಟ್ಟದೆ ಹೊಲ, ಮನೆ, ಕೂಲಿ ಎಲ್ಲ ಮಾಡಿಕೊಂಡು ಇರುತ್ತಾರೆ. ರಕ್ತದಲ್ಲಿ ವೈರಸ್ ಟೆಸ್ಟಿಗೂ ಸಿಗದಷ್ಟು ಕಡಿಮೆಯಾಗಿ ಹಾಗೇ ಇದ್ದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ದಾಟುವುದೂ ಇಲ್ಲ.

ಇನ್ನೊಂದು ವಿಷಯ. ಎಚ್‌ಐವಿ ಇರುವವರ ರಕ್ಷಣೆಗೆ ಮಾಡಿದ 2017ರ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಒಬ್ಬರ ರಿಪೋರ್ಟನ್ನು ಅವರ ಒಪ್ಪಿಗೆ ಇಲ್ಲದೆ ಊರಿಗೆಲ್ಲ ಹೇಳುವ ಹಾಗಿಲ್ಲ, ಕೆಲಸದಿಂದ ತೆಗೆಯುವ ಹಾಗೂ ಇಲ್ಲ.

ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೋಣೆಯಲ್ಲಿ (ಎಚ್‌ಐವಿ ಸಲಹೆ, ಪರೀಕ್ಷೆ ನಡೆಯುವ ಜಾಗ) ಟೆಸ್ಟ್ ಪುಕ್ಕಟೆ. ಹೆಂಡತಿ ತಾಯಿ ಕಾರ್ಡ್ ಹಿಡಿದು ಹೋಗುವ ದಿನ ಗಂಡನೂ ಜೊತೆಗೆ ಹೋಗಿ ರಕ್ತ ಕೊಟ್ಟು ಬರಲಿ. ಕೇಳೋಕೆ ಮುಜುಗರ ಆದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಅದಕ್ಕೂ ದುಡ್ಡಿಲ್ಲ.