ಮನೆಯಲ್ಲಿ ಸಾವಾಗಿದೆ, ಓದು ಬಿಟ್ಟುಬಿಡಲೇ?

ಪದವಿ ಕಾಲೇಜಿನಲ್ಲಿ ಪಾಠ ಮಾಡುವ ನನ್ನನ್ನು ವಿದ್ಯಾರ್ಥಿಗಳು ವರ್ಷ ವರ್ಷವೂ ಕೇಳುವ ಪ್ರಶ್ನೆಯಿದು: "ಮೇಡಂ, ಅಪ್ಪ ಹೋಗಿಬಿಟ್ಟರು. ಪುಸ್ತಕ ತೆರೆದರೆ ಒಂದಕ್ಷರವೂ ತಲೆಗೆ ಹತ್ತುತ್ತಿಲ್ಲ. ಓದು ಬಿಟ್ಟುಬಿಡಲೇ?" ಅಪ್ಪನ ಜಾಗದಲ್ಲಿ ಕೆಲವೊಮ್ಮೆ ಅಮ್ಮ, ಅಣ್ಣ, ಸಾಕಿ ಬೆಳೆಸಿದ ಅಜ್ಜಿ.

ನನ್ನ ಉತ್ತರ ಇಷ್ಟೇ: ಬಿಡಲೇಬೇಕು ಎನಿಸಿದರೂ ಆ ತೀರ್ಮಾನವನ್ನು ಸಾವಿನ ಮನೆಯಲ್ಲಿ ಕುಳಿತು ಮಾಡಬೇಡ.

ಆ ದಿನಗಳಲ್ಲಿ ಮನೆ ತುಂಬ ನೆಂಟರು. ಹನ್ನೊಂದನೆಯ ದಿನವೋ ಹದಿಮೂರನೆಯ ದಿನವೋ, ಆಯಾ ಮನೆಯ ಪದ್ಧತಿಯಂತೆ ಕಾರ್ಯ ಮುಗಿಯುವ ತನಕ ಬುದ್ಧಿಮಾತಿಗೆ ಬರವಿಲ್ಲ. ಅವರಲ್ಲಿ ಒಬ್ಬರಾದರೂ ಹುಡುಗನ ಹೆಗಲ ಮೇಲೆ ಕೈಯಿಟ್ಟು "ಇನ್ನು ಮೇಲೆ ಮನೆಗೆ ನೀನೇ ದಿಕ್ಕು" ಎನ್ನುತ್ತಾರೆ. ಪ್ರೀತಿಯಿಂದಲೇ ಆಡಿದ ಮಾತು. ಆದರೆ ಹತ್ತೊಂಬತ್ತರ ಹುಡುಗ ಅದನ್ನು ಆಜ್ಞೆಯೆಂದೇ ತೆಗೆದುಕೊಳ್ಳುತ್ತಾನೆ. ಹುಡುಗಿಯಾದರೆ ಅಲ್ಲಿಯೇ ಮದುವೆಯ ಪ್ರಸ್ತಾಪ. ಹೀಗೆ ಕೊನೆಯ ವರ್ಷದಲ್ಲಿ ಓದು ನಿಲ್ಲಿಸಿದವರನ್ನು ಕಂಡಿದ್ದೇನೆ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಇನ್ನು ಓದಿದ್ದು ತಲೆಗೆ ಹತ್ತದಿರುವ ವಿಚಾರ. ದುಃಖಕ್ಕೆ ಐದು ಹಂತಗಳಿವೆ, ದಾಟಿದರೆ ಮುಗಿಯಿತು ಎಂದು ಮೊಬೈಲಿನಲ್ಲಿ ಓದಿಕೊಂಡು ಬರುವವರಿದ್ದಾರೆ. 1969ರಲ್ಲಿ ಆ ಹಂತಗಳನ್ನು ವಿವರಿಸಿದ ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ ಮುಖ್ಯವಾಗಿ ಮಾತನಾಡಿಸಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು. ಉಳಿದುಹೋದವರ ಪಾಡಿಗೆ ಹೆಚ್ಚು ಹತ್ತಿರವೆನಿಸುವುದು ಮನೋವಿಜ್ಞಾನಿಗಳಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಸ್ಕುಟ್ 1999ರಲ್ಲಿ ಮುಂದಿಟ್ಟ ವಿಚಾರ: ಮನಸ್ಸು ಒಮ್ಮೆ ಅಗಲಿಕೆಯ ಕಡೆಗೆ, ಒಮ್ಮೆ ಮುಂದಿನ ಬದುಕಿನ ಕೆಲಸಗಳ ಕಡೆಗೆ ಹೋಗಿ ಬರುತ್ತಿರುತ್ತದೆ, ಹಾಗೆ ಹೋಗಿ ಬರುವುದರಲ್ಲೇ ಚೇತರಿಕೆ ಇದೆ. ಬೆಳಿಗ್ಗೆ ಪ್ರಯೋಗಾಲಯದಲ್ಲಿ ಗೆಳತಿಯರ ಜೊತೆ ನಕ್ಕ ವಿದ್ಯಾರ್ಥಿನಿಯೊಬ್ಬಳು ಮಧ್ಯಾಹ್ನ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಅಪ್ಪನ ಹೆಸರಿನ ಹಿಂದೆ ಮೊದಲ ಬಾರಿಗೆ 'ದಿವಂಗತ' ಎಂದು ಬರೆಯಬೇಕಾಗಿ ಬಂದು, ಪೆನ್ನು ಹಿಡಿದು ಸುಮ್ಮನೆ ಕುಳಿತಿದ್ದಳು. "ನಕ್ಕೆನಲ್ಲ ಮೇಡಂ, ಅದು ಅಪ್ಪನಿಗೆ ದ್ರೋಹವಲ್ಲವೇ?" ಎಂದಳು. ಖಂಡಿತ ಅಲ್ಲ. ನಗುವೂ ಅವಳದೇ, ಅಳುವೂ ಅವಳದೇ.

ಆದ್ದರಿಂದ ಮೊದಲ ವಾರಗಳಲ್ಲಿ ದಿನಕ್ಕೆ ಅರ್ಧ ಗಂಟೆ ಓದಿದರೆ ಸಾಕು. ಒಂದೆರಡು ವಿಷಯಗಳ ಪರೀಕ್ಷೆ ಉಳಿದುಕೊಂಡರೆ ಮುಂದೆ ಬರೆಯಬಹುದು.

ಹಾಜರಾತಿಯ ಚಿಂತೆ ಬೇರೆ. ನಮ್ಮ ಬಹುತೇಕ ವಿಶ್ವವಿದ್ಯಾಲಯಗಳು ಶೇ 75 ಕೇಳುತ್ತವೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಶೇ 85 ಕೇಳುತ್ತದೆ. ತಕ್ಕ ಕಾರಣವಿದ್ದರೆ ಕೊರತೆಯನ್ನು ಮನ್ನಿಸಲು ಅವಕಾಶವುಂಟು. ಆದರೆ ಪರೀಕ್ಷೆಯ ಪ್ರವೇಶಪತ್ರ ತಡೆಹಿಡಿದ ಮೇಲೆ ಓಡಾಡುವ ಬದಲು, ಊರಿನಿಂದ ಬಂದ ವಾರದಲ್ಲೇ ವಿಭಾಗದ ಮುಖ್ಯಸ್ಥರಿಗೆ ಬರಹದಲ್ಲಿ ತಿಳಿಸಿ. ಮರಣ ಪ್ರಮಾಣಪತ್ರ ಕೈಸೇರುವ ತನಕ ಉತ್ತರಕ್ರಿಯೆಯ ಕಾರ್ಡನ್ನೇ ಲಗತ್ತಿಸಿ. ದುಡಿಯುವವರೇ ಹೋಗಿದ್ದರೆ ಹಳೆಯ ಆದಾಯ ಪ್ರಮಾಣಪತ್ರ ಈಗಿನ ಸ್ಥಿತಿಯನ್ನು ಹೇಳುವುದಿಲ್ಲ. ನಾಡಕಚೇರಿಯಲ್ಲಿ ಹೊಸದಕ್ಕೆ ಅರ್ಜಿ ಹಾಕಿ. ಶುಲ್ಕ, ವಿದ್ಯಾರ್ಥಿವೇತನ ಎಲ್ಲಕ್ಕೂ ಅದು ಬೇಕು. ಅಮ್ಮನ ಜೊತೆ ಕುಳಿತು ಸಾಲ ಎಷ್ಟು, ವಿಮೆ ಇದೆಯೇ, ಪಿಂಚಣಿ ಬರುತ್ತದೆಯೇ ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಓದು ಬಿಡಲೇಬೇಕೆಂದು ಬಂದ ಹಲವರಿಗೆ ಈ ಲೆಕ್ಕ ಹಾಕಿದ ಮೇಲೆ ಬೇರೆ ದಾರಿ ಕಂಡಿದೆ.

ತಿಂಗಳುಗಳು ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಗೆಳೆಯರಿಗೂ ಹೇಳುವುದಿದೆ. "ಏನಾದರೂ ಬೇಕಿದ್ದರೆ ಹೇಳು" ಎಂದರೆ ಅವನು ಕೇಳಲಾರ. ತಪ್ಪಿದ ಪಾಠಗಳ ನೋಟ್ಸನ್ನು ನೀವೇ ಜೆರಾಕ್ಸ್ ಮಾಡಿಸಿ ಕೊಡಿ. ಮೆಸ್ಸಿಗೆ ಹೊರಟಾಗ ಅವನ ಕೋಣೆಯ ಬಾಗಿಲು ಬಡಿಯಿರಿ. ಅವನ ಅಪ್ಪನ ವಿಷಯ ಎತ್ತಲು ಹೆದರಬೇಡಿ, ಹೇಗಿದ್ದರು ಎಂದು ಕೇಳಿ.